ಪಾಂಡುವಿನ ಕೊರಳ ನೆರಳು

ಹರಿಹರದ ಹಳೆಯ ಮನೆಗಳ ಪಡಸಾಲೆಯಲ್ಲಿ ಹಾರ ಹಾಕಿಸಿಕೊಂಡು ಗೋಡೆ ಹಿಡಿದಿರುವ ಹಿರಿಯರನ್ನು ನೀವು ನೋಡಿರಬಹುದು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಶಲ್ಯ, ಕುರ್ಚಿಯಲ್ಲಿ ನೆಟ್ಟಗೆ ಕೂತು ಕಣ್ಣರಳಿಸಿ ನಿಮ್ಮನ್ನೇ ದಿಟ್ಟಿಸುತ್ತಿರುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಮಂದಿ ಆ ಫೋಟೊ ತೆಗೆಯುವ ಹೊತ್ತಿಗೆ ಬದುಕಿರಲಿಲ್ಲ. ಜೀವ ಇರುವ ತನಕ ಯಾರಿಗೂ ಫೋಟೊದ ನೆನಪಾಗುವುದಿಲ್ಲ. ಉಸಿರು ನಿಂತು, ಸ್ನಾನ ಮಾಡಿಸಿ, ಕುರ್ಚಿಯಲ್ಲಿ ಕೂರಿಸಿದ ಮೇಲೆ ಮನೆಯವರಿಗೆ ದಿಢೀರನೆ ಜ್ಞಾನೋದಯವಾಗಿ ಸ್ಟುಡಿಯೊಗೆ ಆಳು ಓಡಿಸುತ್ತಿದ್ದರು. ಸ್ಟುಡಿಯೊದ ಮಾಲೀಕ ಮಾಳಿಂಗಪ್ಪ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋಗಿ ತೆಗೆದುಕೊಂಡು ಬರುತ್ತಿದ್ದ. ಮುಚ್ಚಿದ ಕಣ್ಣು ತೆರೆಸುವುದು ಉಚ್ಚೆಂಗಪ್ಪನ ಕೆಲಸ.

ಅದಕ್ಕೆ ಟಚಿಂಗ್ ಎನ್ನುತ್ತಿದ್ದರು. ಫೋಟೊ ಮೇಲೆ, ಮುಚ್ಚಿದ ರೆಪ್ಪೆಯ ಜಾಗದಲ್ಲಿ, ಸೊನ್ನೆ ನಂಬರಿನ ಬ್ರಷ್ಷಿನಿಂದ ಕಣ್ಣುಗುಡ್ಡೆ ಬರೆಯಬೇಕು. ಬರೆದದ್ದು ಕಾಣದಿರಲಿ ಎಂದು ಆ ಫೋಟೊದ್ದೇ ಮತ್ತೊಂದು ಫೋಟೊ ತೆಗೆದು ಕೊಡಬೇಕು. ಎಷ್ಟು ಚೆನ್ನಾಗಿ ಬರೆದರೂ ಕೊನೆಗೊಂದು ಬಿಳಿ ಚುಕ್ಕೆ ಇಡದೆ ಕಣ್ಣಿಗೆ ಜೀವ ಬರುವುದಿಲ್ಲ. ಎದುರಿನ ಬೆಳಕು ಕಣ್ಣಲ್ಲಿ ಹೊಳೆಯುತ್ತದಲ್ಲ, ಆ ಚುಕ್ಕೆ. ಬೆಳಕು ಯಾವ ಕಡೆಯಿಂದ ಬಂದಿದೆಯೋ ಚುಕ್ಕೆ ಆ ಕಡೆಗೇ ಇರಬೇಕು. ಉಚ್ಚೆಂಗಪ್ಪ ಮಾತ್ರ ಯಾವಾಗಲೂ ಒಂದೇ ಕಡೆ ಇಡುತ್ತಿದ್ದ. ಕಣ್ಣುಗುಡ್ಡೆಯನ್ನು ಗಡಿಯಾರ ಎಂದುಕೊಂಡರೆ ಎರಡು ಗಂಟೆ ಇರುವ ಜಾಗದಲ್ಲಿ, ಬಲಕ್ಕೆ, ಸ್ವಲ್ಪ ಮೇಲೆ. ಸ್ಟುಡಿಯೊದ ದೊಡ್ಡ ದೀಪ ಆ ಮಗ್ಗುಲಿಗಿತ್ತು, ಕೈಗೆ ಅದೇ ರೂಢಿಯಾಗಿಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಯಾರೂ ಕಂಡುಹಿಡಿಯಲಿಲ್ಲ. ಸತ್ತವರ ಕಣ್ಣಿನಲ್ಲಿ ಕಣ್ಣಿಟ್ಟು ನೋಡುವ ಪುರುಸೊತ್ತು ಯಾರಿಗಿದೆ ಹೇಳಿ.

ಆ ಸ್ಟುಡಿಯೊ ಹೋಯಿತು, ಮಾಳಿಂಗಪ್ಪನೂ ಹೋದ. ಉಚ್ಚೆಂಗಪ್ಪ ದಾವಣಗೆರೆಗೆ ಬಂದು ಅಂಗಡಿ ಬೋರ್ಡು ಬರೆದ, ಲಾರಿಗಳ ನಂಬರು ಬರೆದ. ಫ್ಲೆಕ್ಸ್ ಬಂದು ಅದನ್ನೂ ನುಂಗಿ ನೀರು ಕುಡಿಯಿತು. ಈಗ ಅರವತ್ತೇಳು ವಯಸ್ಸು. ಆನೆಕೊಂಡದಲ್ಲಿ ತಿಪ್ಪಮ್ಮನ ಮನೆಯ ಮಾಳಿಗೆ ಮೇಲಿನ ಒಂದು ಕೋಣೆ, ಒಂದು ಮಂಚ, ಗೋಡೆಯಲ್ಲೊಂದು ಬರಿ ಮೊಳೆ. ಮಕ್ಕಳಿಲ್ಲ. ಹೆಂಡತಿ ಕಮಲಕ್ಕ ತೀರಿಕೊಂಡು ಆರು ವರ್ಷ. ಗಂಡನ ಕಸುಬು ಕಂಡಿದ್ದ ಆಕೆ, ‘ನಾನು ಸತ್ತ ಮ್ಯಾಲೆ ನನ್ನ ಕಣ್ಣಿಗೆ ಕೈ ಹಾಕಬ್ಯಾಡ್ರಿ ಮತ್ತೆ’ ಎಂದು ಮೊದಲೇ ತಾಕೀತು ಮಾಡಿದ್ದಳು. ಬದುಕಿದ್ದಾಗ ಒಂದು ಫೋಟೊ ತೆಗೆಯೋಣವೆಂದರೆ ನಾಚಿ ಒಳಗೆ ಓಡುತ್ತಿದ್ದಳು. ಹೀಗಾಗಿ ಮೊಳೆ ಬರಿದೇ ಉಳಿಯಿತು. ದಿನಕ್ಕೆ ಒಂದು ಸಲ ತಿಪ್ಪಮ್ಮ ಕೆಳಗಿನಿಂದ ‘ನಲ್ಲಿ ಬಂತೇನ್ರಿ?’ ಎಂದು ಕೂಗುತ್ತಿದ್ದಳು, ಇವನು ‘ಬಂತ್ರಿ’ ಎನ್ನುತ್ತಿದ್ದ. ಕೆಲವು ದಿನ ನಲ್ಲಿ ಬರುತ್ತಿರಲಿಲ್ಲ, ಅವತ್ತು ಆ ಮಾತೂ ಇಲ್ಲ.

ಅಂಥ ಒಂದು ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ರೂಪಶ್ರೀ ಮೆಟ್ಟಿಲು ಹತ್ತಿ ಬಂದಳು. ಐವತ್ತರ ಹತ್ತಿರದ ಹೆಂಗಸು, ಕಿವಿಯ ಹಿಂದೆ ನರೆ, ಕೈಯಲ್ಲಿ ಪ್ಲಾಸ್ಟಿಕ್ ಕವರು. ತಾನು ಎಸ್.ಎಸ್. ಬಡಾವಣೆಯವಳು, ನರ್ಸಿಂಗ್ ಹೋಮೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಎಂದು ಹೇಳಿಕೊಂಡಳು.

“ಹರಿಹರದಾಗೆ ಹಳೇ ಸ್ಟುಡಿಯೊ ಇದ್ದ ಜಾಗದಾಗೆ ಈಗ ಮೊಬೈಲ್ ಅಂಗಡಿ ಐತ್ರಿ. ಅಲ್ಲಿ ಹಜೀರಾಬೀ ಅಂತ ಒಬ್ರು ನಿಮ್ಮ ಹೆಸರು ಹೇಳಿದ್ರು, ಉಚ್ಚೆಂಗಪ್ಪನೋರೆ. ಈ ಫೋಟೊ ನೋಡ್ತೀರೇನು?”

“ಕೂಡ್ರಿ ತಾಯಿ, ನೋಡಾಣ” ಎಂದು ಉಚ್ಚೆಂಗಪ್ಪ ಭೂತಗನ್ನಡಿ ಹುಡುಕಿದ.

ಅಂಗೈ ಅಗಲದ ಕಪ್ಪುಬಿಳುಪು ಫೋಟೊ. ಬೂಷ್ಟು ಹಿಡಿದು ಅಲ್ಲಲ್ಲಿ ಮಚ್ಚೆಯಾಗಿತ್ತು. ಸುಣ್ಣದ ಗೋಡೆಯ ಮುಂದೆ, ಗುಡ್ಡೆ ಹಾಕಿದಂತಿದ್ದ ಕರಿ ಕಂಬಳಿಯ ಮೇಲೆ, ಒಂದು ಬಿಳಿ ನಾಯಿ. ಒಂದು ಕಿವಿ ಮಾತ್ರ ಕಪ್ಪು. ತಲೆ ಎತ್ತಿ ನೋಡುತ್ತಿತ್ತು. ಉಚ್ಚೆಂಗಪ್ಪ ಕನ್ನಡಿಯನ್ನು ಅದರ ಕಣ್ಣಿಗೆ ತಂದ. ಎರಡು ಗಂಟೆಯ ಜಾಗದಲ್ಲಿ ಚುಕ್ಕೆ.

ಸಾವಿರಾರು ಮಂದಿಯ ಕಣ್ಣು ತೆರೆಸಿದವನು ಒಂದೇ ಒಂದು ನಾಯಿಯ ಕಣ್ಣು ತೆರೆಸಿದ್ದ. ಅದನ್ನು ಮರೆಯುವುದುಂಟೆ.

“ಪಾಂಡು ಅಂತ ಇದರ ಹೆಸರು” ಎಂದಳು ರೂಪಶ್ರೀ. “ನಾನು ಒಂಬತ್ತು ವರ್ಷದಾಕಿ ಇದ್ದಾಗಿನದು. ಹರಿಹರದಾಗೆ ನಮ್ಮಪ್ಪಂದು ಭತ್ತದ ಗೋದಾಮು ಇತ್ತು, ವಾಮದೇವಪ್ಪ ಅಂತ. ನನಗೆ ಟೈಫಾಯ್ಡ್ ಬಂದು ಇಲ್ಲೇ ದಾವಣಗೆರೆ ಆಸ್ಪತ್ರೆಗೆ ಹಾಕಿದ್ರು. ಪಾಂಡು ಬರೋತನಕ ಊಟ ಮಾಡಲ್ಲ, ಗುಳಿಗಿ ನುಂಗಲ್ಲ ಅಂತ ಹಟ ಹಿಡಿದಿದ್ದೆ. ಅಪ್ಪ ಈ ಫೋಟೊ ತಂದು ಕೊಟ್ರು. ನಂದಿಗುಡಿಯಾಗೆ ಅಂಜಿನಪ್ಪನ ಮನಿಯಾಗೆ ಬಿಟ್ಟೀನಿ, ಆರಾಮ ಐತೆ ನೋಡು ಅಂದ್ರು.”

ಜ್ವರ ಇಳಿಯಿತು. ನಂದಿಗುಡಿಗೆ ಹೋಗೋಣ ಎಂದಾಗಲೆಲ್ಲ ಅಪ್ಪ ಇವತ್ತು ನಾಳೆ ಎನ್ನುತ್ತ ಎರಡು ವರ್ಷ ದೂಡಿದರು. ಹನ್ನೊಂದರ ಹುಡುಗಿ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ನಂದಿಗುಡಿಗೆ ಹೋದಳು. ‘ಬಿಳಿ ನಾಯಿನಾ? ನಿಮ್ಮಪ್ಪ ಇಲ್ಲಿಗೆ ಯಾವ ನಾಯೀನೂ ತರಲಿಲ್ಲವಲ್ಲವ್ವ’ ಎಂದ ಅಂಜಿನಪ್ಪ. ಮನೆಗೆ ಬಂದವಳು ಫೋಟೊವನ್ನು ಅಪ್ಪನ ಕಾಲ ಬುಡದಲ್ಲಿ ಎಸೆದಳು. ಅಪ್ಪ ಬಗ್ಗಿ ಫೋಟೊ ಎತ್ತಿಕೊಂಡು ಒಳಗೆ ಹೋದರು. ಅಲ್ಲಿಂದಾಚೆಗೆ ಅಪ್ಪ ಮಗಳ ನಡುವೆ ಮಾತು ಅಷ್ಟಕ್ಕಷ್ಟೇ ಆಯಿತು.

“ಎಲ್ಲೋ ರಸ್ತೆಯಾಗೆ ಬಿಟ್ಟು ಬಂದು, ನನ್ನ ಬಾಯಿ ಮುಚ್ಚಿಸಾಕೆ ಒಂದು ಫೋಟೊ ತೆಗೆಸಿದ್ರು ಅಂತ ನಾನು ತಿಳ್ಕಂಡೀನಿ. ಹೋದ ಕಾರ್ತೀಕದಾಗೆ ಅಪ್ಪ ಹೋದ್ರು. ಅಣ್ಣ ಕೊಟ್ರೇಶ ಅವರ ಟ್ರಂಕು ತೆಗೆದಾಗ ಶಲ್ಯದ ಮಡಿಕಿಯೊಳಗೆ ಇದು ಸಿಕ್ತು. ಅಷ್ಟು ವರ್ಷ ಯಾಕ ಇಟ್ಕಂಡಿದ್ರೋ. ನನಗೆ ಒಂದೇ ಗೊತ್ತಾಗಬೇಕು, ಉಚ್ಚೆಂಗಪ್ಪನೋರೆ. ಪಾಂಡೂನ ಎಲ್ಲಿ ಬಿಟ್ರು? ಈ ಗೋಡೆ, ಈ ಬಿಸಿಲು ನೋಡಿ ಯಾವ ಜಾಗ ಅಂತ ಹೇಳಾಕೆ ಆಗ್ತೈತಾ?”

ಹೇಳಲು ಆಗುತ್ತಿತ್ತು. ಆ ಗೋಡೆ ಸ್ಟುಡಿಯೊದ ಹಿತ್ತಲಿನ ಗೋಡೆ. ನಾಯಿಯನ್ನು ಯಾರೂ ಎಲ್ಲೂ ಬಿಟ್ಟಿರಲಿಲ್ಲ. ಇಷ್ಟು ಹೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿದು ಹೋಗುತ್ತಿತ್ತು, ಅವಳು ಕೈ ಮುಗಿದು ಮೆಟ್ಟಿಲಿಳಿದು ಹೋಗುತ್ತಿದ್ದಳು. ಉಚ್ಚೆಂಗಪ್ಪ ಕನ್ನಡಿ ಕೆಳಗಿಟ್ಟ.

“ಬಿಸಿಲು ನೋಡಿ ಹೇಳಬೇಕು ಅಂದ್ರೆ ಟೈಮ್ ಹಿಡಿತೈತ್ರಿ. ಬೂಷ್ಟು ತೆಗೀಬೇಕು ಮೊದಲು. ಇಟ್ಟು ಹೋಗ್ರಿ. ಬರೋ ಭಾನುವಾರ ಬರ್ರಿ.”

ಯಾರಿಗೂ ಹೇಳುವುದಿಲ್ಲವೆಂದು ಅವನು ವಾಮದೇವಪ್ಪನಿಗೆ ಮಾತು ಕೊಟ್ಟಿದ್ದು ನಿಜ. ಆದರೆ ಆ ಮಾತಿಗಾಗಿಯೇ ಸುಮ್ಮನಿದ್ದೆ ಎಂದು ಉಚ್ಚೆಂಗಪ್ಪ ಹೇಳಿಕೊಂಡರೆ ನಂಬಬೇಡಿ. ಅವನು ಸುಮ್ಮನಿದ್ದದ್ದು ಅವಳು ಮತ್ತೊಮ್ಮೆ ಬರಲಿ ಎಂದು. ಅವತ್ತು ಸಂಜೆ ಪೇಟೆಗೆ ಹೋಗಿ ಎರಡನೆಯದೊಂದು ಚಹಾದ ಲೋಟ ಕೊಂಡು ತಂದ.

ಎರಡನೆಯ ಭಾನುವಾರ ಅವಳು ಮಂಡಕ್ಕಿ ಕಟ್ಟಿಸಿಕೊಂಡು ಬಂದಳು. ಉಚ್ಚೆಂಗಪ್ಪ ಮೇಜನ್ನು ಕಿಟಕಿಗೆ ಎಳೆದು, ಫೋಟೊ ಇಟ್ಟು, ಮೇಷ್ಟ್ರ ಥರ ಕೂತ.

“ಕಪ್ಪುಬಿಳುಪು ಫೋಟೊದಾಗೆ ಬಣ್ಣ ಮೋಸ ಮಾಡಲ್ಲ ತಾಯಿ, ಯಾಕಂದ್ರೆ ಬಣ್ಣಾನೇ ಇಲ್ಲ. ಬೆಳಕು ಬಿದ್ದಿದ್ದು, ಬೀಳದಿದ್ದು, ಎರಡೇ ಇರೋದು. ಮೊದಲು ಮೂಗು ನೋಡ್ರಿ. ಮೂಗಿನ ನೆರಳು ಯಾವ ಕಡೆ ಬಿದ್ದೈತೆ?”

“ಬಲಗಡೆ.”

“ಹಂಗಾದ್ರೆ ಸೂರ್ಯ ಎಡಗಡೆ ಇದ್ದಾನೆ. ಕಿವಿ ನೆರಳು ನೋಡ್ರಿ, ಕಿವಿಗಿಂತ ಉದ್ದ ಐತೆ. ಅಂದ್ರೆ ಬಿಸಿಲು ಇನ್ನೂ ಕೆಳಗೈತೆ, ಎಂಟು ಎಂಟೂವರಿ. ನೆರಳಿನ ಅಂಚು ಚಾಕು ಹಾಕಿ ಕೊಯ್ದಂಗೆ ಐತೆ, ಮೋಡ ಇರಲಿಲ್ಲ. ನೆರಳಿನ ಒಳಗೂ ಕೂದಲು ಕಾಣ್ತಾವೆ ನೋಡ್ರಿ, ಅಂದ್ರೆ ಎದುರಿಗೆ ಏನೋ ಬೆಳ್ಳಗಿದ್ದಿದ್ದು ಇತ್ತು, ಅಲ್ಲಿಂದ ಬೆಳಕು ವಾಪಸ್ ಬಂದೈತೆ.”

ರೂಪಶ್ರೀ ಬಗ್ಗಿ ನೋಡಿದಳು. “ನಮ್ಮದೂ ಇದೇ ಕೆಲಸ ಬಿಡ್ರಿ ಕಾಕ. ಕರಿ ಬಿಳಿ ನೋಡೋದು. ನಮ್ಮದ್ರಾಗೆ ಎಲುಬು ಬೆಳ್ಳಗೆ, ಗಾಳಿ ಕರ್ರಗೆ.”

ಕಾಕ ಎಂದು ಅವನನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ. ಉಚ್ಚೆಂಗಪ್ಪ ಚಹಾ ಕಾಯಿಸುವ ನೆಪದಲ್ಲಿ ಅತ್ತ ತಿರುಗಿ ನಿಂತ.

ಚಹಾ ಕುಡಿಯುತ್ತ ಅವಳು ತನ್ನ ವಿಷಯ ಹೇಳಿದಳು. ಮದುವೆಯಾಗಿರಲಿಲ್ಲ. ಅವ್ವ ಮರುಳಸಿದ್ದಮ್ಮ ಇರುವ ತನಕ ಹರಿಹರದ ಮನೆಗೆ ಹೋಗಿ ಬರುವುದಿತ್ತು, ಆಮೇಲೆ ಅದೂ ನಿಂತಿತು. ಎರಡು ವರ್ಷದ ಹಿಂದೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರೆಂದು ಕೊಟ್ರೇಶ ಇವಳ ನರ್ಸಿಂಗ್ ಹೋಮಿಗೇ ಕರೆತಂದಿದ್ದ. ಅಪ್ಪನ ಬಲಗೈಯನ್ನು ಯಂತ್ರದ ಕೆಳಗೆ ಇಟ್ಟು ತೆಗೆದವಳು ಇವಳೇ.

“ಮಣಿಕಟ್ಟಿನಾಗೆ ಸಣ್ಣ ಬಿರುಕಿತ್ತು. ಕಿರುಬೆರಳು ಮಾತ್ರ ಹಳೇ ಮುರಿತ, ನಾನು ಹುಟ್ಟೋದ್ಕಿಂತ ಮೊದ್ಲೇ ಭತ್ತದ ಚೀಲ ಬಿದ್ದು ಸೊಟ್ಟ ಆಗಿತ್ತು. ‘ಕೈ ಅಲ್ಲಾಡಿಸಬ್ಯಾಡ್ರಿ’ ಅಂದೆ. ‘ಇಲ್ಲ’ ಅಂದ್ರು. ಅದೇ ನಾವು ಕೊನೇ ಸಲ ಆಡಿದ ಮಾತು.”

ಉಚ್ಚೆಂಗಪ್ಪ ಆಗಲಾದರೂ ನಿಜ ಹೇಳಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವಳು ಎದ್ದು, “ಬರೋ ವಾರ ನಂದಿಗುಡಿಗೆ ಹೋಗಿ ಬರೋಣ ಕಾಕ. ಅಂಜಿನಪ್ಪ ಆವತ್ತು ಸುಳ್ಳು ಹೇಳಿರಬಹುದು. ಬೆಳಕು ನೋಡಾಕೆ ನೀವಿದ್ರೆ ಗೋಡೆ ಗುರುತು ಸಿಗ್ತೈತೆ” ಎಂದುಬಿಟ್ಟಳು. ಉಚ್ಚೆಂಗಪ್ಪ ತಲೆಯಾಡಿಸಿದ.

ಮೂರನೆಯ ಭಾನುವಾರ ಇಬ್ಬರೂ ಹರಿಹರದಲ್ಲಿ ಬಸ್ಸು ಬದಲಿಸಿ ನಂದಿಗುಡಿಗೆ ಹೋದರು. ಕಾಲುವೆ ನೀರು ಬಿಟ್ಟಿದ್ದರು, ದಾರಿಯುದ್ದಕ್ಕೂ ನಾಟಿ ನಡೆದಿತ್ತು. ಅವಳು ಕಿಟಕಿ ಪಕ್ಕದ ಸೀಟು ಅವನಿಗೆ ಬಿಟ್ಟುಕೊಟ್ಟಳು. ಕಮಲಕ್ಕ ಹೋದ ಮೇಲೆ ಉಚ್ಚೆಂಗಪ್ಪ ಯಾರೊಂದಿಗೂ ಬಸ್ಸಿನಲ್ಲಿ ಕೂತಿರಲಿಲ್ಲ. ಕಂಡಕ್ಟರು ‘ಎಷ್ಟು ಟಿಕೆಟ್ಟು?’ ಎಂದಾಗ ‘ಎರಡು’ ಎಂದು ಹೇಳಿದ ಖುಷಿಯಲ್ಲಿ ಅವನಿಗೆ ತಾನು ಮಾಡುತ್ತಿರುವುದು ಪಾಪದ ಕೆಲಸ ಎಂಬುದೇ ಸ್ವಲ್ಪ ಹೊತ್ತು ಮರೆತುಹೋಯಿತು.

ಅಂಜಿನಪ್ಪ ಸತ್ತು ಹತ್ತು ವರ್ಷವಾಗಿತ್ತು. ಅವನ ಮನೆಯಿದ್ದ ಜಾಗದಲ್ಲಿ ತಾರಸಿ ಮನೆ ಎದ್ದಿತ್ತು. ರೂಪಶ್ರೀ ಫೋಟೊ ಹಿಡಿದುಕೊಂಡು ಊರಿನ ಒಂದೊಂದು ಹಳೆಯ ಗೋಡೆಯ ಮುಂದೆಯೂ ನಿಂತಳು. ಸುಣ್ಣ ಉದುರಿದ ಒಂದು ಗೋಡೆಯನ್ನು ಕಂಡು ಅವಳ ಮುಖ ಅರಳಿತು. “ಕಾಕ, ಇದು ಆಗಿರಬಹುದಾ?”

“ಇದು ಪಶ್ಚಿಮಕ್ಕೆ ಮುಖ ಮಾಡೈತೆ ತಾಯಿ. ಬೆಳಗಿನ ಬಿಸಿಲು ಹಂಗೆ ಬೀಳಲ್ಲ.”

ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಎಲ್ಲಿ ಬಿಟ್ರೋ, ಯಾವ ನಾಯಿ ಬಾಯಿಗೆ ಬಿತ್ತೋ. ನನ್ನ ಬಿಟ್ಟು ಇನ್ನೊಬ್ಬರ ಹತ್ರ ಅನ್ನ ತಿಂತಿರಲಿಲ್ಲ ಅದು” ಎಂದಳು. ನಲವತ್ತು ವರ್ಷದಿಂದ ಅವಳ ತಲೆಯಲ್ಲಿ ಆ ನಾಯಿ ಯಾವುದೋ ರಸ್ತೆಯಲ್ಲಿ ಮನೆ ಹುಡುಕುತ್ತ ಅಲೆಯುತ್ತಲೇ ಇತ್ತು. ಹೇಳಿಬಿಡು ಎಂದಿತು ಉಚ್ಚೆಂಗಪ್ಪನ ಮನಸ್ಸು. ಹೇಳಿದರೆ ವಾಪಸು ಬಸ್ಸಿನಲ್ಲಿ ಅವಳು ತನ್ನ ಪಕ್ಕ ಕೂರುವುದಿಲ್ಲ ಎಂದೂ ಅದೇ ಮನಸ್ಸು ಎಂದಿತು. ಅವನು ನೀರಿನ ಬಾಟಲಿ ಅವಳ ಕೈಗೆ ಕೊಟ್ಟ. ಹೊರಡುವ ಮುನ್ನ ಅವಳು ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಅವನ ಕೈಗೇ ವಾಪಸು ಕೊಟ್ಟಳು. ನರ್ಸಿಂಗ್ ಹೋಮಿನ ದೊಡ್ಡ ಪರದೆಯ ಮೇಲೆ ಹಾಕಿ ಗೋಡೆಯಲ್ಲಿ ಏನಾದರೂ ಗುರುತಿದೆಯೇ ನೋಡುತ್ತೇನೆಂದಳು.

ನಾಲ್ಕನೆಯ ಭಾನುವಾರ ಅವಳ ಕೈಯಲ್ಲಿ ಮಂಡಕ್ಕಿ ಇರಲಿಲ್ಲ. ಒಳಗೆ ಬಂದವಳು ಕೂಡಲಿಲ್ಲ.

“ಕಾಕ, ಮೂಗಿನ ನೆರಳು ಬಲಕ್ಕೈತೆ, ಕಿವಿ ನೆರಳು ಬಲಕ್ಕೈತೆ. ಬಿಸಿಲು ಎಡಗಡೆಯಿಂದ ಬಂದೈತೆ ಅಂತ ನೀವೇ ಹೇಳಿಕೊಟ್ರಿ. ಹಂಗಿದ್ರೆ ಕಣ್ಣಾಗಿನ ಚುಕ್ಕಿ ಯಾಕ ಬಲಕ್ಕೈತೆ?”

ಇಪ್ಪತ್ತೆರಡು ವರ್ಷ ಯಾರೂ ಕೇಳದ ಪ್ರಶ್ನೆ. ಉಚ್ಚೆಂಗಪ್ಪ ಮಂಚದ ಅಂಚಿನಲ್ಲಿ ಕೂತ. “ಎದುರಿಗೆ ಬೆಳ್ಳಗಿದ್ದಿದ್ದು ಇತ್ತಲ್ಲ ತಾಯಿ, ಅದರದ್ದು ಇರಬಹುದು” ಎಂದ. ತನಗೇ ಕೇಳಿಸದಷ್ಟು ಮೆಲ್ಲಗೆ.

“ಹಂಗಾದ್ರೆ ಇದೇನು?” ಅವಳು ಮೇಜಿನ ಮೇಲಿದ್ದ ಫೋಟೊದಲ್ಲಿ ನಾಯಿಯ ಕೊರಳ ಕೆಳಗೆ ಬೆರಳಿಟ್ಟಳು. “ಕನ್ನಡಿ ಇಟ್ಟು ನೋಡ್ರಿ.”

ಅವನು ಬಗ್ಗಿದ. ಆ ಜಾಗ ಅವನಿಗೆ ಚೆನ್ನಾಗಿ ನೆನಪಿತ್ತು. ಮೂಲ ಫೋಟೊದಲ್ಲಿ ಕಂಬಳಿಯೊಳಗಿನಿಂದ ಒಂದು ಕೈ ಮೇಲೆ ಬಂದು ನಾಯಿಯ ಗದ್ದವನ್ನು ಹಿಡಿದೆತ್ತಿತ್ತು. ಆ ಕೈಯನ್ನು ಅವನು ಕರಿ ಬಣ್ಣದಿಂದ ಮುಚ್ಚಿ ಕಂಬಳಿಯ ಮಡಿಕೆ ಮಾಡಿದ್ದ. ಎಷ್ಟು ನಾಜೂಕಾಗಿ ಮಾಡಿದ್ದನೆಂದರೆ ಮಾಳಿಂಗಪ್ಪ ಬೆನ್ನು ತಟ್ಟಿದ್ದ. ಈಗ ನೋಡಿದರೆ ಕೈ ಇದ್ದ ಜಾಗದ ಪಕ್ಕ, ನಾಯಿಯ ಬಿಳಿ ಎದೆಯ ಮೇಲೆ, ಒಂದು ನಸು ನೆರಳು. ಗದ್ದದ ನೆರಳೆಂದುಕೊಂಡು ಬಿಟ್ಟಿದ್ದನೇ ಹೊರತು ಸರಿಯಾಗಿ ನೋಡಿರಲಿಲ್ಲ. ನಾಲ್ಕು ಬೆರಳು. ಮೂರು ನೆಟ್ಟಗಿದ್ದವು. ಕೊನೆಯ ಸಣ್ಣದು ಸೊಟ್ಟಗೆ ಹೊರಕ್ಕೆ ಬಾಗಿತ್ತು. ಉಚ್ಚೆಂಗಪ್ಪ ಕೈ ಅಳಿಸಿದ್ದ, ಕೈಯ ನೆರಳು ಅಳಿಸುವುದನ್ನು ಮರೆತಿದ್ದ.

“ದಿನಾ ಕೈ ನೋಡಾಕಿ ನಾನು” ಎಂದಳು ರೂಪಶ್ರೀ. “ಇದು ನಮ್ಮಪ್ಪನ ಕೈ. ಹಿಂಗೆ ಹಿಡ್ಕಂಡಾರೆ ಅಂದ್ರೆ ಪಾಂಡುಗೆ ತಲಿ ಎತ್ತಾಕೆ ಆಗ್ತಿರಲಿಲ್ಲ.”

“ಇಲ್ಲ ತಾಯಿ.”

“ಸತ್ತಿತ್ತು.”

“ಹೌದು.”

ಅವಳು ನಿಂತೇ ಇದ್ದಳು. ಉಚ್ಚೆಂಗಪ್ಪ ತಲೆ ಎತ್ತದೆ ಹೇಳತೊಡಗಿದ. ಗೋದಾಮಿನಲ್ಲಿ ಇಲಿಗೆಂದು ವಾಮದೇವಪ್ಪನೇ ರೊಟ್ಟಿಗೆ ಪಾಷಾಣ ಕಲಸಿಟ್ಟಿದ್ದ. ಮಗಳನ್ನು ಹುಡುಕುತ್ತ ಗೋದಾಮಿಗೆ ನುಗ್ಗಿದ ನಾಯಿ ಅದನ್ನು ತಿಂದಿತ್ತು. ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆರೆಯುವ ಮೊದಲೇ ವಾಮದೇವಪ್ಪ ಸತ್ತ ನಾಯಿಯಿದ್ದ ಗೋಣಿಚೀಲ ಎದೆಗವುಚಿಕೊಂಡು ಬಂದು ನಿಂತಿದ್ದ. ಊರಿನ ದೊಡ್ಡ ವರ್ತಕ, ಯಾರೆದುರಿಗೂ ದನಿ ತಗ್ಗಿಸದವನು.

“‘ಮನುಷ್ಯರ ಕಣ್ಣು ತೆರೆಸ್ತೀರಿ, ಇದರದ್ದು ತೆರೆಸಾಕಾಗಲ್ಲೇನು’ ಅಂದ್ರು ನಿಮ್ಮಪ್ಪ. ಮಾಳಿಂಗಪ್ಪ ಹಿತ್ತಲಾಗೆ ಫೋಟೊ ತೆಗೆದ. ತಲಿ ನಿಲ್ಲವಲ್ದು ಅಂತ ಅವರೇ ಕಂಬಳಿ ಹೊದ್ದು ಹಿಂದೆ ಕೂತು ಹಿಡ್ಕಂಡ್ರು. ನಾನು ಕಣ್ಣು ಬರೆದು ಮುಗಿಸೋತನಕ ಬೆಂಚಿನ ಮ್ಯಾಲೆ ಕೂತಿದ್ರು, ಶಲ್ಯದಾಗೆ ಮುಖ ಮುಚ್ಕಂಡು. ಫೋಟೊ ಕೈಗೆ ಕೊಟ್ಟಾಗ ಎದಿ ಮ್ಯಾಲಿನ ಲಿಂಗ ಮುಟ್ಕಂಡು ಅಂದ್ರು, ‘ಯಾರಿಗೂ ಬಾಯಿ ಬಿಡಬ್ಯಾಡಪ್ಪ. ನನ್ನ ಮಗಳ ಜ್ವರ ಇಳಿಯೋತನಕ ಸಾಕು. ಆಮೇಲೆ ನಾನೇ ಹೇಳ್ತೀನಿ.’”

ಕೆಳಗೆ ತಿಪ್ಪಮ್ಮ ಯಾರಿಗೋ ಬೈಯುತ್ತಿದ್ದಳು. ಆಮೇಲೆ ರೂಪಶ್ರೀ ಕೇಳಿದಳು:

“ನಿಮಗೆ ಯಾವಾಗ ಗೊತ್ತಾತು? ಇದೇ ಆ ಫೋಟೊ ಅಂತ?”

ಸುಳ್ಳು ಹೇಳಲು ಇನ್ನೂ ಒಂದು ಅವಕಾಶವಿತ್ತು. ಉಚ್ಚೆಂಗಪ್ಪನಿಗೆ ಬೇಡವೆನಿಸಿತು.

“ಮೊದಲ್ನೇ ಭಾನುವಾರ.”

“ನಂದಿಗುಡಿಗೆ ಹೋಗೋದ್ಕಿಂತ ಮುಂಚೆ.”

“ಹೌದು ತಾಯಿ.”

ಅವಳು ಫೋಟೊ ಎತ್ತಿ ಕವರಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ಮೆಟ್ಟಿಲಿಳಿದಳು. ಚಹಾ ಕಾಯಿಸಿರಲೇ ಇಲ್ಲ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಉಚ್ಚೆಂಗಪ್ಪ ಎಂಟಕ್ಕೇ ಸ್ನಾನ ಮುಗಿಸಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಅದರ ಮುಂದಿನ ಭಾನುವಾರವೂ ಕೂತಿದ್ದ. ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಎದ್ದು ನೋಡುತ್ತಿದ್ದ, ಬೆಕ್ಕು ಇರುತ್ತಿತ್ತು. ಒಂಟಿತನ ಅವನಿಗೆ ಹೊಸದಲ್ಲ, ಆರು ವರ್ಷದಿಂದ ಅದರ ಜತೆಗೇ ಉಂಡು ಮಲಗಿದ್ದ. ಆದರೆ ಆ ನಾಲ್ಕು ಭಾನುವಾರ ಬಂದು ಹೋದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿತ್ತು. ವಾಮದೇವಪ್ಪ ಮಗಳಿಗೆ ಯಾಕೆ ಕೊನೆಯವರೆಗೂ ಹೇಳಲಾಗಲಿಲ್ಲ ಎಂಬುದು ಅವನಿಗೆ ಈಗ ತಿಳಿಯಿತು. ಮೊದಲ ದಿನ ಹೇಳದ ಮಾತನ್ನು ಎರಡನೆಯ ದಿನ ಹೇಳುವುದು ಕಷ್ಟ. ಎರಡು ವರ್ಷ ಬಿಟ್ಟು ಹೇಳಲು ಗಂಡೆದೆಯೇ ಬೇಕು.

ಅದಕ್ಕೂ ಮುಂದಿನ ಭಾನುವಾರ ಅವನು ಒಲೆಯ ಮೇಲೆ ನೀರಿಟ್ಟು ಸಕ್ಕರೆ ಡಬ್ಬಿ ಹುಡುಕುತ್ತಿದ್ದಾಗ ಬಾಗಿಲಲ್ಲಿ ರೂಪಶ್ರೀ ನಿಂತಿದ್ದಳು.

“ಒಂದು ಕೆಲಸ ಐತೆ, ಉಚ್ಚೆಂಗಪ್ಪನೋರೆ.”

ಕಾಕ ಹೋಗಿ ಮತ್ತೆ ಉಚ್ಚೆಂಗಪ್ಪನೋರೆ ಆಗಿತ್ತು. ಅವನು ಒಲೆ ಸಣ್ಣ ಮಾಡಿ ಬಂದ. ಅವಳು ಫೋಟೊ ಮೇಜಿನ ಮೇಲಿಟ್ಟಳು.

“ಕಣ್ಣು ಮುಚ್ಚಿಸ್ರಿ.”

ಉಚ್ಚೆಂಗಪ್ಪ ಅವಳ ಮುಖ ನೋಡಿದ.

“ನಲವತ್ತು ವರ್ಷ ತೆರ್ಕಂಡೇ ಐತೆ ಅದು. ಸಾಕು.”

ಜೀವಮಾನವಿಡೀ ಕಣ್ಣು ತೆರೆಸಿದವನು ಮುಚ್ಚಿಸುವ ಕೆಲಸ ಒಮ್ಮೆಯೂ ಮಾಡಿರಲಿಲ್ಲ. ಟ್ರಂಕಿನ ತಳದಿಂದ ಬ್ರಷ್ಷು ತೆಗೆದ, ಗಟ್ಟಿಯಾಗಿದ್ದ ಬಣ್ಣದ ಬಿಲ್ಲೆಗೆ ನೀರು ಸೋಕಿಸಿದ. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಮೊದಲು ಚುಕ್ಕೆಗಳನ್ನು ಮುಚ್ಚಿದ. ಚುಕ್ಕೆ ಹೋದದ್ದೇ ತಡ ನಾಯಿಯ ದೃಷ್ಟಿ ಹೋಯಿತು. ಆಮೇಲೆ ಕಣ್ಣುಗುಡ್ಡೆಯ ಕಪ್ಪಿನ ಮೇಲೆ ತೆಳ್ಳಗೆ ಬೂದು, ಅದರ ಮೇಲೆ ಕೂದಲಿನ ಬಿಳಿ, ಕೊನೆಗೆ ರೆಪ್ಪೆ ಕೂಡುವಲ್ಲಿ ಒಂದು ಗೆರೆ. ರೂಪಶ್ರೀ ಅವನ ಹಿಂದೆ ನಿಂತು ನೋಡುತ್ತಿದ್ದಳು, ಅವಳ ಉಸಿರು ಕೇಳಿಸುತ್ತಿತ್ತು.

“ಕೊರಳ ಕೆಳಗಿನ ನೆರಳು?” ಎಂದ ಅವನು.

“ಅದನ್ನ ಮುಟ್ಟಬ್ಯಾಡ್ರಿ.”

ಬಣ್ಣ ಆರುವ ತನಕ ಅವಳು ಕಿಟಕಿ ಬಳಿ ನಿಂತಳು. ಆಮೇಲೆ ಫೋಟೊ ಕೈಗೆತ್ತಿಕೊಂಡಳು. ಪಾಂಡು ಈಗ ಅಪ್ಪನ ಕೈಯಲ್ಲಿ ಗದ್ದವಿಟ್ಟು ಮಲಗಿತ್ತು. ಅವಳು ತನ್ನ ನಾಲ್ಕು ಬೆರಳನ್ನು ಆ ನೆರಳಿನ ಪಕ್ಕ ತಂದಿಟ್ಟು, ಕಿರುಬೆರಳನ್ನು ಅಷ್ಟೇ ಬಾಗಿಸಲು ನೋಡಿದಳು. ಬಾಗಲಿಲ್ಲ. ಅಪ್ಪನ ಮಣ್ಣಿಗೆ ಹೋಗಿದ್ದಾಗಲೂ ಅಳದವಳು ಅಲ್ಲಿ ಅತ್ತಳು, ಶಬ್ದ ಮಾಡದೆ. ಉಚ್ಚೆಂಗಪ್ಪ ಬ್ರಷ್ಷು ತೊಳೆಯುತ್ತ ಕೂತ, ತೊಳೆದದ್ದನ್ನೇ ಮತ್ತೆ ತೊಳೆದ.

ಕಣ್ಣೊರೆಸಿಕೊಂಡು ಅವಳು ಕೇಳಿದಳು: “ಅಪ್ಪ ನನ್ನ ಜ್ವರಕ್ಕೆ ಸುಳ್ಳು ಹೇಳಿದ್ರು. ನೀವು ಯಾರ ಜ್ವರಕ್ಕೆ ಹೇಳಿದ್ರಿ?”

“ನಂದಕ್ಕೇ ತಾಯಿ” ಎಂದ ಉಚ್ಚೆಂಗಪ್ಪ. “ನೀವು ಬರ್ತಿದ್ರಿ. ಅದಕ್ಕ.”

ಅವಳು ಅವನನ್ನು ನೋಡಿದಳು, ಗೋಡೆಯ ಮೇಲಿನ ಬರಿ ಮೊಳೆಯನ್ನೂ ನೋಡಿದಳು. ಫೋಟೊವನ್ನು ಕರ್ಚೀಫಿನಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡು ಹ್ಞೂಂ ಎಂದಂತೆ ತಲೆಯಾಡಿಸಿ ಬಾಗಿಲ ಕಡೆ ನಡೆದಳು.

ಹೊರಗೆ ಬಿಸಿಲು ಚೆನ್ನಾಗಿತ್ತು. ಬಾಗಿಲಲ್ಲಿ ಅವಳ ನೆರಳು ಕೋಣೆಯೊಳಗೆ ಚಾಚಿ ಮೇಜಿನ ಕಾಲಿನ ತನಕ ಬಿತ್ತು. ನೆರಳು ಓದುವುದು ಉಚ್ಚೆಂಗಪ್ಪನಿಗೆ ಚಟ. ಹತ್ತು ಗಂಟೆಯ ಬಿಸಿಲು, ಮೋಡವಿಲ್ಲ, ಹೆಗಲ ಮೇಲೆ ಚೀಲ. ನೆರಳು ಹೊಸ್ತಿಲು ದಾಟಿ ಹೋಗದೆ ಅಲ್ಲೇ ನಿಂತಿತ್ತು. ಮುಖ ಒಳಗೆ ತಿರುಗಿದೆಯೋ ಹೊರಗೆ ತಿರುಗಿದೆಯೋ, ಅದನ್ನು ನೆರಳು ನೋಡಿ ಹೇಳಲು ಬರುವುದಿಲ್ಲ. ತಲೆ ಎತ್ತಿ ನೋಡಬೇಕಿತ್ತು. ಅವನಿಗೆ ಧೈರ್ಯ ಸಾಲಲಿಲ್ಲ.

ಸ್ವಲ್ಪ ಹೊತ್ತಿಗೆ ನೆರಳು ಸರಿಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಒಂದೊಂದಾಗಿ ಇಳಿಯಿತು. ಒಲೆಯ ಮೇಲೆ ಎರಡು ಲೋಟಕ್ಕಾಗುವಷ್ಟು ನೀರು ಕುದಿಯುತ್ತಲೇ ಇತ್ತು.